ಉಡದ ಸ್ವಯಂವರ

ಮೌನವ್ರತ ಹಿಡಿದ ಹತ್ತು ವರ್ಷದ ಮಗಳ ಎದುರು ಕೂತು ನೀವು ಎಂದಾದರೂ ಊಟ ಮಾಡಿದ್ದೀರಾ? ನಾನು ಐದು ತಿಂಗಳು ಮಾಡಿದ್ದೇನೆ. ನನ್ನ ಹೊಸ ಕೆಲಸಕ್ಕೆಂದು ನಾವು ಜರ್ಮನಿಯೊಳಗೇ ಎಷ್‌ಬಾರ್ನ್ ಬಿಟ್ಟು ಬೊಬ್ಲಿಂಗೆನ್‌ಗೆ ಬಂದದ್ದೇ ತಡ, ಗೆಳತಿಯರನ್ನೆಲ್ಲ ಅಲ್ಲೇ ಬಿಟ್ಟು ಬಂದ ಸಿಂಚನಾ ಮನೆಯಲ್ಲಿ 'ಯಾ' (ಹೌದು), 'ನೈನ್' (ಇಲ್ಲ) ಎಂಬ ಎರಡೇ ಜರ್ಮನ್ ಪದಗಳಲ್ಲಿ ಸಂಸಾರ ತೂಗಿಸತೊಡಗಿದಳು. ಕನ್ನಡವನ್ನಂತೂ ನನ್ನ ಮೇಲಿನ ಸಿಟ್ಟಿಗೆ ಪೂರ್ತಿ ತ್ಯಜಿಸಿದಳು.

ಹೀಗಿರುವಾಗ ಒಂದು ಸಂಜೆ ಅವಳು ತಟ್ಟೆಯಿಂದ ತಲೆಯೆತ್ತಿ, ತನಗೊಂದು 'ವಾರಾನ್' ಬೇಕು ಎಂದು ಜರ್ಮನ್‌ನಲ್ಲಿ ಹೇಳಿದಳು. ನನಗೆ ಕೇಳಿಸಿದ್ದು ವಾರಾನ್ನ. ನಮ್ಮ ತಾತ ಮೈಸೂರಿನಲ್ಲಿ ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದಿದ ಕಥೆಯನ್ನು ಗದ್ಗದಿತನಾಗಿ ಹೇಳಿದೆ. ಅದು ಮುಗಿಯುವವರೆಗೂ ಕಾದು, ಅವಳು ಟ್ಯಾಬ್‌ನಲ್ಲಿ ಒಂದು ಚಿತ್ರ ತೋರಿಸಿದಳು. ಉಡ. ಶಾಲೆಯಿಂದ ಮೃಗಾಲಯಕ್ಕೆ ಕರೆದೊಯ್ದಿದ್ದರಂತೆ. ಅಲ್ಲಿ ಅದು ಅವಳೊಬ್ಬಳನ್ನೇ ನೋಡಿತಂತೆ.

ನನ್ನ ಹೆಂಡತಿ ಕೀರ್ತಿ ಸಾರಿನ ಸೌಟು ಕೆಳಗಿಟ್ಟಳು. "ಇವತ್ತು ಉಡ. ನಾಳೆ ಮೊಸಳೆ ಕೇಳ್ತಾಳೆ. ನೀವು ಅದಕ್ಕೂ ಹೂಂ ಅಂತೀರಿ."

ನಾನು ಆಗಲೇ ಹೂಂ ಎಂದಾಗಿತ್ತು. ಮಗಳು ಒಂದೇ ಸಂಜೆಯಲ್ಲಿ ಹನ್ನೊಂದು ವಾಕ್ಯ ಮಾತಾಡಿದ್ದಳು (ಎಣಿಸಿದ್ದೇನೆ). ಅದಕ್ಕಾಗಿ ಉಡವೇನು, ಡೈನೊಸಾರ್ ತರಲೂ ಸಿದ್ಧನಿದ್ದೆ. ನಾಯಿ ಬೆಕ್ಕು ಕೂಡದೆಂದಿದ್ದ ಮನೆ ಮಾಲೀಕರಿಗೆ ಕಾಗದ ಬರೆದೆ. ಎರಡಡಿ ಮೀರದಿದ್ದರೆ ಸರಿ ಎಂದು ಉತ್ತರ ಬಂತು.

ಮರುದಿನದಿಂದ ಉಡ ಸಂಕುಲದ ಆಯ್ಕೆ ಸಮಿತಿಯ ಅಧ್ಯಕ್ಷನಾಗಿ ನಾನೇ ನೇಮಕಗೊಂಡೆ. ಎಕ್ಸೆಲ್ ತೆರೆದು, ಹದಿನಾಲ್ಕು ಕಾಲಂ ಹಾಕಿ, ಜಾತಿವಾರು ಅಂಕ ಕೊಟ್ಟೆ. ನೈಲ್ ನದಿಯ ಉಡ ಆರಡಿ ಬೆಳೆಯುತ್ತದೆ. ಅದನ್ನು ತಂದರೆ ಗಾಜಿನ ಪೆಟ್ಟಿಗೆಯೊಳಗೆ ನಾನಿರಬೇಕಾಗುತ್ತದೆ. ಆಫ್ರಿಕಾದ ಸವನ್ನಾ ಉಡ ಸಾಧುವೇ, ಆದರೆ ಮಾಲೀಕರ ಎರಡಡಿ ಮೀರುತ್ತದೆ, ಜೊತೆಗೆ ಬಿಲ ತೋಡಲು ಮೂಟೆಗಟ್ಟಲೆ ಮಣ್ಣು ಬೇಕು. ನಾವಿರುವುದು ಮೂರನೇ ಮಹಡಿ. ಕೆಳಗಿನ ಮನೆಯವರು ನಮ್ಮ ಮಿಕ್ಸಿಯ ಸದ್ದಿಗೇ ಚೀಟಿ ಅಂಟಿಸುತ್ತಾರೆ. ಮರದ ಮೇಲಿರುವ ಪಚ್ಚೆ ಬಣ್ಣದ ಉಡ ಕಣ್ಣಿಗೆ ಹಬ್ಬ, ಆದರೆ ಅದಕ್ಕೆ ಜೂನ್ ತಿಂಗಳ ಮಂಗಳೂರಿನಷ್ಟು ಶೆಖೆ ಬೇಕು. ಗೋಡೆಗೆ ಬೂಷ್ಟು ಹಿಡಿದರೆ ನಾವು ಬೀದಿಗೆ. ನಮ್ಮೂರಿನದೇ ಉಡ ತರೋಣವೆಂದರೆ ಅದು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ.

"ನಮಗೇ ವೀಸಾ ಸಿಗೋಕೆ ಆರು ತಿಂಗಳಾಯ್ತು," ಎಂದಳು ಕೀರ್ತಿ.

ಕೊನೆಗೆ ಗೆದ್ದದ್ದು ಆಸ್ಟ್ರೇಲಿಯಾದ ಮುಳ್ಳುಬಾಲದ ಪುಟ್ಟ ಉಡ. ಎರಡಡಿ ಉದ್ದ, ಮಿಡತೆ ಆಹಾರ, ಮೈ ಕಾಯಿಸಿಕೊಳ್ಳಲು ದೀಪದಡಿ ಅರವತ್ತು ಡಿಗ್ರಿಯ ಒಂದು ಕಲ್ಲು. ಅರವತ್ತು ಎಂದು ಕೇಳಿದ ಕೀರ್ತಿ, ಹದಿನೆಂಟಕ್ಕೆ ನಾನು ತಿರುಗಿಸಿಟ್ಟಿದ್ದ ಹೀಟರನ್ನೂ, ತಾನು ತೊಟ್ಟಿದ್ದ ಎರಡು ಸ್ವೆಟರನ್ನೂ ನೋಡಿ, ನಂತರ ನನ್ನನ್ನು ನೋಡಿದಳು. ಮಿಡತೆ ಡಬ್ಬ ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿನ ಪಕ್ಕ ಬಂದರೆ ತಾನು ಮೈಸೂರಿಗೆ ಹೋಗುವುದಾಗಿಯೂ ತಿಳಿಸಿದಳು.

ಶನಿವಾರ ಸಿಂಡೆಲ್‌ಫಿಂಗೆನ್ ಆಚೆಯ ಹಳ್ಳಿಗೆ ಹೊರಟೆವು. ಅಲ್ಲಿ ಉಡ ಸಾಕಿ ಮರಿ ಮಾಡಿಸುವ ಫ್ರಾವ್ (ಅಂದರೆ ಶ್ರೀಮತಿ) ಹೆಬರ್ಲೆ ಎಂಬ ನಿವೃತ್ತ ಟೀಚರ್ ಇದ್ದರು. ಕಾರಿನಿಂದ ಇಳಿಯುವುದಿಲ್ಲ ಎಂದು ಕೀರ್ತಿ ಹಟ ಹಿಡಿದಳು. ನಾನು ಸಿಂಚನಾಳೊಂದಿಗೆ ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದು ಭಾಷಣ ಶುರು ಮಾಡಿದೆ. ಮೂರನೇ ಕಾಲಮ್ಮಿಗೆ ಬರುವಷ್ಟರಲ್ಲಿ ಆ ತಾಯಿ ಸುಮ್ಮನೆ ಒಂದು ಉಡವನ್ನು ತಂದು ನನ್ನ ಅಂಗೈ ಮೇಲಿಟ್ಟರು.

ಅದು ಒಮ್ಮೆ ನಾಲಿಗೆ ಚಾಚಿತು. ಮರುಕ್ಷಣ ನನ್ನ ಸ್ವೆಟರಿನ ತೋಳೊಳಗೆ ನುಗ್ಗಿ, ಕಂಕುಳು ದಾಟಿ, ಬೆನ್ನೇರಿ ಕಚ್ಚಿ ಹಿಡಿದು ಕೂತಿತು, ಹಲ್ಲಿನಿಂದಲ್ಲ, ಉಗುರುಗಳಿಂದ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ವೀರರ ಕಥೆ ನಾವೆಲ್ಲ ಕೇಳಿದ್ದೇವೆ. ಆ ಕೋಟೆಗೋಡೆಗೆ ಏನನ್ನಿಸಿತ್ತು ಎಂದು ಯಾರೂ ಬರೆದಿಲ್ಲ. ನಾನು ಬರೆಯಬಲ್ಲೆ. ಗಾಬರಿಯಲ್ಲಿ ನನಗೆ ನೆನಪಾದ ಒಂದೇ ಜರ್ಮನ್ ಪದ 'ಬಿಟ್ಟೆ', ಅಂದರೆ ದಯವಿಟ್ಟು. "ಬಿಟ್ಟೆ, ಬಿಟ್ಟೆ," ಎನ್ನುತ್ತ ಕೋಣೆಯ ತುಂಬ ಕುಣಿದೆ. ಉಡ ಮಾತ್ರ ಜರ್ಮನ್‌ನಲ್ಲೂ ಬಿಡಲಿಲ್ಲ, ಕನ್ನಡದಲ್ಲೂ ಬಿಡಲಿಲ್ಲ.

ಸಿಂಚನಾ ಓಡಿಹೋಗಿ ಅಮ್ಮನನ್ನು ಕರೆತಂದಳು. ಕೀರ್ತಿ ಶಿಶುವಿಹಾರದಲ್ಲಿ ಕೆಲಸ ಮಾಡುವವಳು. ದಿನವೂ ಹದಿನೈದು ಮಕ್ಕಳು ಪರಚಿ, ಕಚ್ಚಿ, ಜೋತುಬೀಳುವುದನ್ನು ಕಂಡವಳು.

"ಕುಣೀಬೇಡಿ. ಕೂತ್ಕೊಳ್ಳಿ. ಉಸಿರಾಡಿ," ಎಂದಳು.

ಆಮೇಲೆ ಫ್ರಾವ್ ಹೆಬರ್ಲೆಯ ಟೇಬಲ್ ಲ್ಯಾಂಪನ್ನು ನನ್ನ ಕತ್ತಿನ ಬಳಿ ಹಿಡಿದು, ಕಾಲರಿನಡಿ ಅಂಗೈ ಚಾಚಿ ಸುಮ್ಮನೆ ಕಾದಳು. ಐದು ನಿಮಿಷಕ್ಕೆ ಬಿಸುಪು ಹುಡುಕಿಕೊಂಡು ಉಡದ ತಲೆ ಹೊರಬಂತು. ಅತ್ತ ಇತ್ತ ನೋಡಿ, ಅವಳ ಅಂಗೈ ಮೇಲಿಳಿದು, ಮುಂಗೈಗೆ ಗದ್ದವೂರಿ ಕಣ್ಣು ಮುಚ್ಚಿತು. ಬೇಡ ಬೇಡ ಎಂದಿದ್ದ ನನ್ನ ಹೆಂಡತಿ ಅದರ ಬೆನ್ನನ್ನು ಒಂದೇ ಬೆರಳಿನಿಂದ ಸವರುತ್ತಿದ್ದಳು.

"ಅಮ್ಮಾ, ಅದಕ್ಕೆ ನೀನಂದ್ರೆ ಇಷ್ಟ," ಎಂದಳು ಸಿಂಚನಾ. ಕನ್ನಡದಲ್ಲಿ. ಐದು ತಿಂಗಳ ನಂತರ. ನನ್ನ ಬೆನ್ನಿನ ಉರಿ ಅರ್ಧ ಇಳಿಯಿತು.

ಫ್ರಾವ್ ಹೆಬರ್ಲೆ ಒಪ್ಪಂದದ ಕಾಗದ ತಂದರು. ಸಾಕುವವರ ಹೆಸರು ಎಂಬಲ್ಲಿ, ನಾನು ಪೆನ್ನು ತೆಗೆಯುವ ಮೊದಲೇ ಕೀರ್ತಿಯ ಹೆಸರು ಬರೆದರು. ಮನೆಯಲ್ಲಿ ಸಣ್ಣ ಮಕ್ಕಳು ಅಥವಾ ಬೇಗ ಗಾಬರಿಗೊಳ್ಳುವವರು ಇದ್ದಾರೆಯೇ ಎಂಬುದು ಮುಂದಿನ ಪ್ರಶ್ನೆ. ಅವರು ಸಿಂಚನಾಳನ್ನು ನೋಡಿದರು, ಅಲ್ಲವೆಂದು ತಲೆಯಾಡಿಸಿದರು. ಆಮೇಲೆ ನನ್ನತ್ತ ನೋಡಿ 'ಯಾ' ಎಂಬಲ್ಲಿ ಗುರುತು ಹಾಕಿ, ಅಚ್ಚುಕಟ್ಟಾದ ಟೀಚರ್ ಅಕ್ಷರದಲ್ಲಿ ಬರೆದರು: ಗಿರಿಧರ್, ವಯಸ್ಸು ನಲವತ್ತೆರಡು. ಇಂಥವರು ಒಬ್ಬರೇ ಪೆಟ್ಟಿಗೆ ತೆರೆಯುವಂತಿಲ್ಲ ಎಂದು ಕೆಳಗೆ ಅಚ್ಚಾಗಿತ್ತು.

ನಿಯಮ ನಿಯಮವೇ. ನಾನು ಸಹಿ ಹಾಕಲು ಬಗ್ಗಿದೆ. ನನ್ನ ಹೆಸರಿನ ಎದುರು ಬೇಕಾಗಿದ್ದದ್ದು ನನ್ನ ಪೋಷಕರ ಸಹಿ.

ಕೀರ್ತಿ ಹಾಕಿದಳು.