ಲೆಕ್ಚರರ ಹಿಂದೆ ಹಿಂದೆ

“ಜುಲೈ ನಾಲ್ಕು, ಸೋಮವಾರ. ವಿದ್ಯಾರ್ಥಿನಿಯರ ಸಂಘ ಸೇರಿದೆ. ಇನ್ನು ಪುತ್ತೂರಿನಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ.” ಅರವತ್ತರ ದಶಕದ ನನ್ನ ಡೈರಿಯಲ್ಲಿ ಹೀಗೆ ಉಂಟು. ಓದಿ ಹೇಳಿದರೆ ಮೊಮ್ಮಕ್ಕಳು, “ಇಂಥದ್ದೆಲ್ಲ ನಿಮಗೆ ಮಾತ್ರ ಹೇಗೆ ಆಗುತ್ತದೆ ಅಜ್ಜಿ?” ಎನ್ನುತ್ತಾರೆ. ಆಗುತ್ತಿತ್ತು, ಎಂತ ಮಾಡುದು! ಆದದ್ದನ್ನೆಲ್ಲ ಬರೆದಿಟ್ಟಿದ್ದೇನೆ.

ಮೊದಲ ದಿನ

ಬೆಳ್ಳಾರೆ ಕಡೆಯ ನಮ್ಮ ಕುಟುಂಬದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. ಅಪ್ಪ ಒಂದೇ ಕರಾರು ಹಾಕಿದ್ದರು: “ಪೇಟೆ ಸುತ್ತಿದ ಸುದ್ದಿ ಒಮ್ಮೆ ಬಂದರೆ ಸಾಕು, ಓದು ಅಲ್ಲಿಗೇ ಬಂದ್.”

ಆಗಿನ ಪದ್ಧತಿಯಂತೆ ಹುಡುಗಿಯರು ಲೇಡೀಸ್ ರೂಮಿನಲ್ಲಿ ಕಾಯಬೇಕು. ಲೆಕ್ಚರರು ಬಂದಾಗ ಅವರ ಹಿಂದೆ ಸಾಲಾಗಿ ಕ್ಲಾಸಿಗೆ ಹೋಗಬೇಕು, ಮುಗಿದ ಮೇಲೆ ಅವರ ಹಿಂದೆಯೇ ಹೊರಗೆ ಬರಬೇಕು. “ಲೆಕ್ಚರರ ಹಿಂದೆಯೇ ಇರಿ” ಎಂದು ಪ್ಯೂನ್ ಹೇಳಿದ್ದ. ಎಲ್ಲಿಯವರೆಗೆ ಎಂದು ಹೇಳಿರಲಿಲ್ಲ.

ಕೊನೆಯ ಪೀರಿಯಡ್ ಚರಿತ್ರೆಯದ್ದು. ಮುಗಿದಾಗ ಉಳಿದವರು ರೂಮಿಗೆ ತಿರುಗಿದರು. ನಾನು ತಲೆ ತಗ್ಗಿಸಿ, ಲೆಕ್ಚರರ ಚಪ್ಪಲಿಯನ್ನೇ ನೋಡುತ್ತಾ ನಡೆದೆ. ಗೇಟು ದಾಟಿತು, ಗುಡ್ಡ ಇಳಿಯಿತು, ಬಸ್‌ಸ್ಟ್ಯಾಂಡ್ ಬಂತು. ಚಪ್ಪಲಿ ನಿಂತಾಗ ತಲೆ ಎತ್ತಿದರೆ, ಸೆಲೂನು! ಅವರು ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿದರೆ, ಬಾಗಿಲಲ್ಲಿ ಪುಸ್ತಕ ಅಪ್ಪಿಕೊಂಡ ನಾನು.

“ಎಂತಮ್ಮ?”

“ಹಿಂದೆಯೇ ಇರಬೇಕು ಅಂದರು ಸಾರ್.”

“ಕ್ಷೌರ ನಿಮ್ಮ ಪಾಠದಲ್ಲಿ ಇಲ್ಲ ಮಾರಾಯ್ತಿ, ಹೋಗಿ!”

ಚಂದಾ

ಲೇಡೀಸ್ ರೂಮಿಗೆ ಓಡಿಬಂದು ಅಳುತ್ತಾ ಕೂತೆ. ಬಸ್‌ಸ್ಟ್ಯಾಂಡಿನಲ್ಲಿ ಬೆಳ್ಳಾರೆಯವರು ಯಾರ್ಯಾರು ನೋಡಿದ್ದಾರೋ! ಆಗ ಬಂದವಳು ಸಂಘದ ಅಧ್ಯಕ್ಷೆ. ಕೇರಳದಿಂದ ಬಂದು ಕಡಬದಲ್ಲಿ ರಬ್ಬರ್ ತೋಟ ಮಾಡಿದ ಕ್ರಿಶ್ಚಿಯನ್ ಮನೆಯ ಹುಡುಗಿ, ಧ್ವನಿ ದೊಡ್ಡದು.

“ಅಳುದು ಎಂತಕ್ಕೆ? ಹೋದ ವರ್ಷ ನಾನು ಒಬ್ಬರ ಹಿಂದೆ ಅವರ ಮನೆಯವರೆಗೆ ಹೋಗಿದ್ದೆ.”

“ಮತ್ತೆ?”

“ಮತ್ತೆಂತ, ಅವರ ಹೆಂಡತಿ ಕಾಫಿ ಕೊಟ್ಟರು.”

ಅಳುತ್ತಿದ್ದವಳು ನಕ್ಕುಬಿಟ್ಟೆ. ಅಲ್ಲೇ ನನ್ನನ್ನು ಸಂಘಕ್ಕೆ ಸೇರಿಸಿದಳು. ಸಂಘ ಎಂದರೆ ಹತ್ತು ಹನ್ನೆರಡು ಹುಡುಗಿಯರು, ಒಂದು ಕ್ಯಾರಂ ಬೋರ್ಡು. ನಿಯಮ ಒಂದೇ: ಯಾರೂ ಎಲ್ಲಿಗೂ ಒಬ್ಬಳೇ ಹೋಗಬಾರದು, ದಾರಿ ತಪ್ಪುದಾದರೂ ಎಲ್ಲರೂ ಒಟ್ಟಿಗೇ ತಪ್ಪಬೇಕು. ಚಂದಾ ಕೊಡಲು ನನ್ನಲ್ಲಿ ದುಡ್ಡಿರಲಿಲ್ಲ. “ಮನೆಯಲ್ಲಿ ಹಲಸಿನ ಹಪ್ಪಳ ಉಂಟಾ?” ಎಂದಳು. ಅಮ್ಮ ಎಣ್ಣೆಯಲ್ಲಿ ಕಾಯಿಸಿಕೊಟ್ಟದ್ದನ್ನು ಮರುದಿನ ಡಬ್ಬಿ ತುಂಬ ತಂದೆ. ಸಂಘವು ಅದನ್ನು ಒಂದೇ ಸಭೆಯಲ್ಲಿ, ಸರ್ವಾನುಮತದಿಂದ ಮುಗಿಸಿತು.

ಅಪ್ಪ ಬಂದದ್ದು

ಸೆಲೂನಿನ ಸುದ್ದಿ ಅಪ್ಪನ ಕಿವಿಗೆ ಬಿದ್ದೇಬಿಟ್ಟಿತು. ಒಂದು ದಿನ ಕೊಡೆ ಹಿಡಿದುಕೊಂಡು ಕಾಲೇಜಿಗೇ ಬಂದರು.

“ಸೆಲೂನಿನಲ್ಲಿ ನಿನಗೆಂತ ಕೆಲಸ? ನಡಿ ಮನೆಗೆ!”

“ಚರಿತ್ರೆ ಪೀರಿಯಡ್ ಒಂದು ಉಂಟು ಅಪ್ಪ...”

ಅಷ್ಟರಲ್ಲಿ ಲೆಕ್ಚರರು ಬಂದರು, ನಾವು ಸಾಲಾದೆವು. ನಾನು ತಪ್ಪಿಸಿಕೊಂಡೇನೆಂದು ಅಪ್ಪನೂ ಸಾಲಿನ ಕೊನೆಗೆ ಸೇರಿದರು. ಯಾರೋ ಇನ್‌ಸ್ಪೆಕ್ಟರೆಂದು ಕ್ಲಾಸಿನ ಹುಡುಗರೆಲ್ಲ ಎದ್ದು ನಿಂತರು. ಅಂದಿನ ಪಾಠ ಫ್ರಾನ್ಸಿನ ಕ್ರಾಂತಿ, ರಾಜನ ತಲೆ ಕಡಿದ ಭಾಗ. ಅಪ್ಪ ನಮ್ಮ ಬೆಂಚಿನ ತುದಿಯಲ್ಲಿ ಬಾಯಿ ತೆರೆದು ಕೂತರು.

ಪೀರಿಯಡ್ ಮುಗಿದಾಗ ನಾವು ರೂಮಿಗೆ ತಿರುಗಿದೆವು. ಅಪ್ಪ ಮಾತ್ರ ಲೆಕ್ಚರರ ಬೆನ್ನು ಹಿಡಿದು ಹೋದರು. “ಅಲ್ಲ ಮಾಸ್ಟ್ರೆ, ರಾಜ ಸತ್ತ ಮೇಲೆ ಅವನ ಜಾಗೆ, ತೋಟ ಎಲ್ಲ ಯಾರ ಪಾಲಿಗೆ ಬಂತು?”

ಎಷ್ಟು ಕಾದರೂ ಅಪ್ಪ ಬರಲಿಲ್ಲ. ನಿಯಮದಂತೆ ಇಡೀ ಸಂಘ ನನ್ನೊಟ್ಟಿಗೆ ಹುಡುಕಲು ಹೊರಟಿತು. ದಾರಿ ನನಗೆ ಗೊತ್ತಿತ್ತು.

ಸೆಲೂನಿನಲ್ಲಿ ಒಂದು ಕುರ್ಚಿಯಲ್ಲಿ ಲೆಕ್ಚರರು. ಪಕ್ಕದ ಕುರ್ಚಿಯಲ್ಲಿ ಮುಖವೆಲ್ಲ ನೊರೆ ಹಚ್ಚಿಸಿಕೊಂಡ ಅಪ್ಪ, ಇನ್ನೂ ಫ್ರಾನ್ಸಿನಲ್ಲೇ ಇದ್ದರು. ಕನ್ನಡಿಯಲ್ಲಿ ನನ್ನನ್ನು ಕಂಡು “ಪುನಃ ಇಲ್ಲಿಗಾ?” ಎಂದು ತಟ್ಟನೆ ತಿರುಗಿದರು. ಕತ್ತಿ ಮೀಸೆಯ ಎಡಬದಿಯನ್ನು ಒಯ್ದುಬಿಟ್ಟಿತು.

“ನೀವು ಯಾಕೆ ಬಂದದ್ದು ಅಪ್ಪ?”

“ನಾನು ಮಾಸ್ಟ್ರ ಹಿಂದೆ...” ಎಂದವರು ಅರ್ಧಕ್ಕೇ ನಿಲ್ಲಿಸಿದರು.

ಕ್ಷೌರಿಕ ಕೇಳಿದ: “ನಿಮ್ಮ ಮನೆಯವರಿಗೆಲ್ಲ ಇದೇ ಅಭ್ಯಾಸವಾ ಮಾರಾಯ್ರೆ?”

ಅಧ್ಯಕ್ಷೆ ಮುಂದೆ ಬಂದಳು. “ಇವಳನ್ನು ಕರಕೊಂಡು ಹೋಗುದಾದರೆ ನಮ್ಮನ್ನೂ ಕರಕೊಂಡು ಹೋಗಿ. ಅದು ಸಂಘದ ನಿಯಮ.”

ಅಪ್ಪ ಕನ್ನಡಿಯಲ್ಲಿ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. “ಇಷ್ಟು ಮಂದಿಗೆ ಬಸ್ಸಿನಲ್ಲಿ ಜಾಗ ಎಲ್ಲುಂಟು? ಇಲ್ಲೇ ಓದಲಿ” ಎಂದರು. ಮತ್ತೆ ಕ್ಷೌರಿಕನಿಗೆ, “ಇನ್ನೊಂದು ಬದಿಯನ್ನೂ ತೆಗೆ.”

ನನ್ನ ಡಿಗ್ರಿಗೆ ಆದ ಖರ್ಚು ಡೈರಿಯ ಕೊನೆಯ ಪುಟದಲ್ಲಿ ಉಂಟು. ಹಲಸಿನ ಹಪ್ಪಳ, ಒಂದು ಡಬ್ಬಿ. ಅಪ್ಪನ ಮೀಸೆ, ಒಂದು. ಮೀಸೆ ದೀಪಾವಳಿಯ ಹೊತ್ತಿಗೆ ತಿರುಗಿ ಬಂತು. ಡಬ್ಬಿ ಇನ್ನೂ ಕಡಬದಲ್ಲಿ, ಅಧ್ಯಕ್ಷೆಯ ಮನೆಯಲ್ಲೇ ಉಂಟು. ಅದನ್ನು ಕೇಳುವ ನೆಪದಲ್ಲಿ ಈಗಲೂ ಹೋಗಿ, ಕಾಫಿ ಕುಡಿದು, ಬರಿಗೈಯಲ್ಲಿ ಬರುತ್ತೇನೆ.