ಎಂಟರಲ್ಲಿ ಎರಡು ಯಾರದು?

ಕಂಪ್ಯೂಟರ್ ರಿಪೇರಿ ಅಂದರೆ ಒಂದು ತಾಸಿನ ಕೆಲಸ. ಏನು ರಿಪೇರಿ ಆಯಿತು ಅಂತ ಅದರ ಮುಂದೆ ಕೂತವರಿಗೆ ತಿಳಿಸಿ ಹೇಳೋದಕ್ಕೆ ಮಾತ್ರ ಒಂದೊಂದು ಸಲ ವಾರ ಹಿಡಿಯುತ್ತದೆ, ಒಂದೊಂದು ಸಲ ಮಾನವೇ ಹೋಗುತ್ತದೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಓಡಿದವನು. ಹುಬ್ಬಳ್ಳಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯೋದು ಕಲಿತೆ. ಒಂದೂರಲ್ಲಿ ಕೂತು ಅಂಗಡಿ ಇಡೋದು ನನ್ನ ಜಾಯಮಾನವಲ್ಲ. ಬೆನ್ನಿಗೊಂದು ಬ್ಯಾಗು, ಇವತ್ತು ಕೂಡ್ಲಿಗಿ, ನಾಳೆ ಕೊಟ್ಟೂರು, ನಾಡಿದ್ದು ಹಗರಿಬೊಮ್ಮನಹಳ್ಳಿ. ಬೋರ್ಡಿಲ್ಲ, ಬಾಗಿಲಿಲ್ಲ, ಇರೋದು ಹೆಸರೊಂದೇ. ಹೋದ ಬೇಸಿಗೆಯಲ್ಲಿ ಆ ಹೆಸರಿಗೇ ಕಲ್ಲು ಬಿತ್ತು.

೧. ಎಂಟು ಹಾಕಿ ಆರು ತೋರಿಸಿದ್ದು

ಕೊಟ್ಟೂರಿನಲ್ಲಿ ಫ್ಲೆಕ್ಸ್ ಡಿಸೈನ್ ಮಾಡುವ ಸಾವ್ಕಾರರೊಬ್ಬರಿದ್ದಾರೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಸುತ್ತಲಿನ ಮುಖಗಳೆಲ್ಲ ಬೆಳ್ಳಗಾಗೋದು ಅವರ ಕಂಪ್ಯೂಟರಿನಲ್ಲೇ. ಹಳೇ ಮಿಷನ್ನು ಏಗಲಾರದೆ ಮಲಗಿದಾಗ ನನ್ನಿಂದ ಒಂದು ಸೆಕೆಂಡ್ ಹ್ಯಾಂಡ್ ತರಿಸಿದರು. ಎಂಟು ಜಿಬಿ ಮೆಮೊರಿ ಹಾಕಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ತುಂಬಿ ಕೊಟ್ಟು ಬಂದೆ. ಮೂರನೇ ದಿನ ಫೋನು.

"ಲೇ ತಮ್ಮಾ, ಎಷ್ಟು ಹಾಕೀನಿ ಅಂದಿ?"

"ಎಂಟು ಸಾವ್ಕಾರ್ರೆ."

"ಇಲ್ಲಿ ಆರು ತೋರಸ್ತೈತಿ. ಎರಡು ಎಲ್ಲಿ ಹೋದ್ವು?"

ಓಡಿ ಹೋದೆ. ಡಬ್ಬಿ ಬಿಚ್ಚಿ ಮೆಮೊರಿ ಪಟ್ಟಿಯನ್ನೇ ಅವರ ಕೈಗೆ ಕೊಟ್ಟೆ. ಎಂಟು ಅಂತ ಅದರ ಮೇಲೇ ಬರೆದಿತ್ತು.

"ಬರಿಯಾಕೇನಪ, ಡಬ್ಬಿ ಮ್ಯಾಲೆ ತುಪ್ಪ ಅಂತ ಬರದ್ರ ಒಳಗ ತುಪ್ಪ ಇರ್ತೈತೇನು?"

ಮಿಷನ್ ಏಳುವಾಗ ಬರೆದುಕೊಳ್ಳುವ ಸಾಲುಗಳನ್ನು ತೆಗೆದು ನೋಡಿದೆ. ವಿಷಯ ಸಿಕ್ಕಿತು. ಸ್ವಿಚ್ ಒತ್ತಿದ ಕೂಡಲೇ ಮೊದಲು ಏಳೋದು ಮದರ್‌ಬೋರ್ಡಿನಲ್ಲೇ ಕೂತಿರುವ ಸಣ್ಣ ಪ್ರೋಗ್ರಾಂ, ಅದಕ್ಕೆ ಫರ್ಮ್‌ವೇರ್ ಅಂತಾರೆ. ಆಮೇಲೆ ಏಳೋದು ಕರ್ನೆಲ್, ಲಿನಕ್ಸಿನ ಮನೆ ಯಜಮಾನ. ಫರ್ಮ್‌ವೇರ್ ಯಜಮಾನನ ಕೈಗೆ ಒಂದು ಪಟ್ಟಿ ಕೊಡುತ್ತದೆ. ಮೆಮೊರಿಯಲ್ಲಿ ಇಲ್ಲಿಂದ ಇಲ್ಲಿತನಕ ಒಂದನೇ ನಂಬರು, ಅಂದರೆ ಖಾಲಿ, ಬಳಸಿಕೋ. ಇಲ್ಲಿಂದ ಇಲ್ಲಿತನಕ ಎರಡನೇ ನಂಬರು, ಮುಟ್ಟಬೇಡ. ಈ ಬೋರ್ಡು ಮಾಡಿದ ಪುಣ್ಯಾತ್ಮ ಎರಡು ಜಿಬಿಗೆ ಇಪ್ಪತ್ತನೇ ನಂಬರು ಹಾಕಿದ್ದ! ಇಪ್ಪತ್ತು ಅಂದರೇನು ಅಂತ ಕರ್ನೆಲ್‌ಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅದು ಕೇಳೋದೂ ಇಲ್ಲ, ಕೆದಕೋದೂ ಇಲ್ಲ, ಮೀಸಲು ಅಂತ ಬಿಟ್ಟು ದೂರ ಸರಿಯುತ್ತದೆ.

ಇಷ್ಟನ್ನೂ ಬೆವರು ಒರೆಸಿಕೊಳ್ಳುತ್ತ ಹೇಳಿದೆ. ಸಾವ್ಕಾರರು ಶಾಂತವಾಗಿ ಕೇಳಿ, ಮೌಸ್ ಹಿಡಿದು ಒಂದು ಫೈಲ್ ತೆಗೆದರು. ಆರಡಿ ಫ್ಲೆಕ್ಸು. ನಡುವೆ ನನ್ನ ಫೋಟೋ, ಮೇಲೆ ಕೆಂಪಕ್ಷರ: 'ಇವರ ಕೈಗೆ ಕಂಪ್ಯೂಟರ್ ಕೊಟ್ಟು ಮೋಸ ಹೋಗಬೇಡಿ'.

"ಸೋಮವಾರ ಊರಾಗ ಜನ ಜಾಸ್ತಿ. ಅಷ್ಟ್ರಾಗ ಎಂಟೂ ತೋರ್ಸು. ಇಲ್ಲಾಂದ್ರ ಇದನ್ನ ಬಸ್ ಸ್ಟ್ಯಾಂಡಿನ ಮುಂದ ಕಟ್ಟಸ್ತೀನಿ," ಅಂದರು. ಆಮೇಲೆ ಸ್ಕ್ರೀನ್ ಕಡೆ ಬಗ್ಗಿ, "ಮಾರಿ ಸ್ವಲ್ಪ ಕಪ್ಪಾಗೈತಿ, ಬೆಳ್ಳಗ ಮಾಡ್ಲೇನು?"

೨. ಬಲವಂತದ ಎರಡು

ಹೆದರಿದವನಿಗೆ ಬುದ್ಧಿ ಎಲ್ಲಿರುತ್ತದೆ? ಕರ್ನೆಲ್ ಏಳುವ ಮುಂಚೆಯೇ ಒಂದು ಸಾಲು ಬರೆದಿಟ್ಟು, 'ಆ ಎರಡು ಜಿಬಿ ಖಾಲಿ ಇದೆ, ಸುಮ್ಮನೆ ಬಳಸು' ಅಂತ ಹುಕುಂ ಮಾಡಲು ಬರುತ್ತದೆ. ಮಾಡಿದೆ. ಎಂಟು ತೋರಿಸಿತು! ಸಾವ್ಕಾರರು ಖುಷಿಯಾಗಿ ಚಹಾ ತರಿಸಿದರು.

"ಬುದ್ಧಿ ಬಂತಲ್ಲ, ತಂದು ಇಟ್ಟಿಯಲ್ಲ, ಸಾಕು. ನಿನ್ನ ಫ್ಲೆಕ್ಸು ನಿನ್ನ ಮುಂದನಾ ಅಳಸ್ತೀನಿ ನೋಡು."

ಫೈಲ್ ತೆಗೆದರು. ನನ್ನ ಮುಖ ಬಂತು. ಬಂದದ್ದು ಹಂಗೇ ಅಡ್ಡಡ್ಡ ಪಟ್ಟಿ ಪಟ್ಟಿಯಾಗಿ ಸೀಳಿತು. ಮೂಗು ಮೇಲಿನ ಮೂಲೆಗೆ, ಒಂದು ಕಿವಿ ಕೆಳಗಿನ ಮೂಲೆಗೆ, ನಡುವೆ ಹಸಿರು ಚುಕ್ಕಿ. ಆಮೇಲೆ ಮೌಸೂ ಸತ್ತಿತು. ಸ್ಕ್ರೀನಿನ ಚಿತ್ರ ಇಟ್ಟುಕೊಳ್ಳೋದಕ್ಕೆ ಅಂತಲೇ ಬೋರ್ಡು ಆ ಎರಡು ಜಿಬಿ ಹಿಡಿದಿತ್ತು. ನನ್ನ ಮಾತು ಕೇಳಿ ಕರ್ನೆಲ್ ಅದರ ಮೇಲೇ ಸಾಮಾನು ಪೇರಿಸಿತ್ತು.

ಆ ಸಾಲು ಕಿತ್ತು ಹಾಕಿ ಮತ್ತೆ ಆನ್ ಮಾಡಿದೆ. ಮಿಷನ್ ನೆಟ್ಟಗಾಯಿತು. ಫೈಲೂ ನೆಟ್ಟಗಿತ್ತು. ಮೆಮೊರಿ ಮಾತ್ರ ಮತ್ತೆ ಆರು.

ಸಾವ್ಕಾರರು ನನ್ನ ಮುಂದಿದ್ದ ಅರ್ಧ ಚಹಾ ಲೋಟ ತಮ್ಮ ಕಡೆ ಎಳೆದುಕೊಂಡರು. "ನೋಡ್ದಿ? ಮಿಷನ್ನಿಗೂ ನಿನ್ನ ಮಾರಿ ಸೇರವಲ್ದು."

೩. ಟಿಕೆಟ್ ತೆಗೆಸದ ಟವೆಲ್ಲು

ಶನಿವಾರ ಸಾವ್ಕಾರರು ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಹರಪನಹಳ್ಳಿಗೆ ಹೊರಟರು. ಫ್ಲೆಕ್ಸ್ ಪ್ರಿಂಟ್ ಆಗೋದು ಅಲ್ಲಿ. ನಾನೂ ಬೇಡಿಕೊಳ್ಳುತ್ತ ಅದೇ ಬಸ್ಸು ಹತ್ತಿದೆ. ಬಸ್ಸಿನ ತುಂಬ ಜನ, ಕಂಬಿ ಹಿಡಿದು ನಿಂತವರೇ ಇಪ್ಪತ್ತು ಮಂದಿ. ಅದರ ನಡುವೆ ಒಂದೇ ಒಂದು ಸೀಟು ಖಾಲಿ. ಸೀಟಿನ ಮೇಲೊಂದು ಚೌಕುಳಿ ಟವೆಲ್ಲು.

ಸಾವ್ಕಾರರಿಗೆ ಮೊಣಕಾಲು ನೋವು. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು.

"ಕುಂದರ್ರಿ ಸಾವ್ಕಾರ್ರೆ, ಸೀಟು ಖಾಲಿ ಐತಿ."

"ಟವೆಲ್ ಹಾಕ್ಯಾರಲ್ಲೋ."

"ಯಾರದ್ರಿ ಅದು?"

"ಯಾರದೋ ಏನೋ, ನನಗೇನು ಗೊತ್ತು?"

"ಗೊತ್ತಿಲ್ಲ ಅಂದ ಮ್ಯಾಲೆ ಸರಿಸಿ ಕುಂದ್ರಬಹುದಲ್ರಿ."

ಸಾವ್ಕಾರರಿಗೆ ಸಿಟ್ಟೇ ಬಂತು. "ಗೊತ್ತಿಲ್ಲಂತಾನ ಕುಂದ್ರಬಾರದೋ ಮಳ್ಳ! ನಮ್ಮ ಮಂದೀದು ಅಂತ ಗೊತ್ತಿದ್ರ ಸರಿಸಿ ಕುಂದ್ರತಿದ್ದೆ. ಗೊತ್ತಿಲ್ಲದವರದು ಮುಟ್ಟಿ, ಅವ ಬಂದು ಕೊಳ್ಳಪಟ್ಟಿ ಹಿಡದ್ರ?"

ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಬಸ್ಸು ಎರಡು ಊರು ದಾಟಿತು. ಅವರು ಟವೆಲ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಟವೆಲ್ ನೋಡಿದರು.

"ಅಂದ್ರ... ಆ ಇಪ್ಪತ್ತನೇ ನಂಬರು..."

"ಹೂನ್ರಿ. ಅದಾ ಟವೆಲ್ಲು."

"ಮತ್ತ ಮೊದಲಾ ಹಿಂಗ ಹೇಳಬಾರದೇನಲೇ!"

ಹರಪನಹಳ್ಳಿಯಲ್ಲಿ ಎಲ್ಲರೂ ಇಳಿದರೂ ಟವೆಲ್ಲಿನ ಮಾಲೀಕ ಬರಲಿಲ್ಲ. ಸಾವ್ಕಾರರು ಪೆನ್‌ಡ್ರೈವ್ ಜೇಬಿನಲ್ಲೇ ಬಿಟ್ಟು, "ಫ್ಲೆಕ್ಸ್ ಬ್ಯಾಡ ಬಿಡು. ಆದ್ರ ಫೈಲ್ ಅಳಸಂಗಿಲ್ಲ, ನಿನ್ನ ಮಾರಿ ಬೆಳ್ಳಗ ಮಾಡಾಕ ಅರ್ಧ ದಿನ ಹಿಡದೈತಿ," ಅಂದರು. ಹಿಂದಿನಿಂದ ಕಂಡಕ್ಟರ್ ಟವೆಲ್ ಎತ್ತಿ ಹಿಡಿದು ಕೂಗಿದ: "ಯಾರದ್ರಿ ಇದು? ಮುಂಜಾನಿಂದ ಮೂರು ಟ್ರಿಪ್ ಹೊಡದೈತಿ, ಒಂದೂ ಟಿಕೆಟ್ ತಗಂಡಿಲ್ಲ!"

೪. ದೇವರಿಗೆ ಬಿಟ್ಟ ಟಗರು

ಸಾವ್ಕಾರರು ಬಯ್ಯುವುದರಲ್ಲಿ ಎಷ್ಟು ಜೋರೋ ಹೊಗಳುವುದರಲ್ಲೂ ಅಷ್ಟೇ. ತಮ್ಮ ಮಿಷನ್ನಿನಲ್ಲಿ ಎರಡು ಜಿಬಿ ಯಾರೂ ಮುಟ್ಟದ ಹಾಗೆ ಮೀಸಲಿದೆ, ಅದಕ್ಕೇ ಅದು ಅಷ್ಟು ಗಟ್ಟಿ ಅಂತ ಬಂದವರಿಗೆಲ್ಲ ಹೇಳಿದರು. ಸುದ್ದಿ ಹಡಗಲಿ ಮುಟ್ಟಿತು. ಅಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಕನೊಬ್ಬಳ ಅಂಗಡಿಗೂ ನಾನೇ ಮಿಷನ್ ಕೊಟ್ಟಿದ್ದೆ. ಕರೆ ಬಂತು. ಹೋದರೆ, ಅರ್ಜಿ ಹಿಡಿದ ಏಳೆಂಟು ಮಂದಿ ಸಾಲಾಗಿ ನಿಂತಿದ್ದಾರೆ. ಅವರೆಲ್ಲರ ಮುಂದೆ ಅಕ್ಕ ಶುರು ಮಾಡಿದಳು.

"ಏನಪ ತಮ್ಮಾ, ಕೊಟ್ಟೂರಿನವರಿಗೆ ಎರಡು ಮೀಸಲು ಇಟ್ಟಿಯಂತ. ನಂದರಾಗ ನೋಡಿದ್ರ ಎಂಟಕ್ಕ ಎಂಟೂ ತೋರಸ್ತೈತಿ. ನನ್ನ ಮೀಸಲು ಎಲ್ಲಿ ಹೋತು?"

ಕಮ್ಮಿ ತೋರಿಸಿದರೂ ಕಳ್ಳ, ಪೂರಾ ತೋರಿಸಿದರೂ ಕಳ್ಳ! "ಅಕ್ಕಾ, ನಿನ್ನ ಬೋರ್ಡಿನ್ಯಾಗ ಎಲ್ಲಾ ಗೊತ್ತಿರೋ ನಂಬರಾ ಅದಾವು. ಎಂಟು ಬಂದದ್ದು ಚಲೋನ ಆತು."

"ಚಲೋ ಇದ್ರ ಅವ್ರಿಗ್ಯಾಕ ಹಂಗ ಕೊಟ್ಟಿ? ದೊಡ್ಡ ಅಂಗಡಿಗೆ ಒಂದು ನಮೂನಿ, ಹೆಣ್ಣುಮಗಳ ಅಂಗಡಿಗೆ ಒಂದು ನಮೂನಿಯೇನು?"

ಸಾಲಿನಲ್ಲಿ ಹೆಗಲಿಗೆ ಕಂಬಳಿ ಹಾಕಿದ ಕುರಿ ಸಾಕುವ ಯಜಮಾನರೊಬ್ಬರಿದ್ದರು. ಅವರು ಗಂಟಲು ಸರಿಮಾಡಿಕೊಂಡರು. "ಆಕಿ ಹೇಳಾದು ಖರೆ ಐತಪ. ನಮ್ಮ ಹಟ್ಟಿಯಾಗ ಒಂದು ಟಗರು ದೇವ್ರಿಗೆ ಬಿಟ್ಟೀವಿ. ಅದನ್ನ ಮಾರಂಗಿಲ್ಲ, ಕಡಿಯಂಗಿಲ್ಲ. ಅದು ಐತಂತಾನ ಉಳಿದ ಕುರಿ ಚಲೋ ಮೇಯ್ತಾವು. ಎಲ್ಲಾನೂ ನಾವಾ ಬಳಸಿಬಿಟ್ರ ಹೆಂಗ?"

ಸಾಲು ಪೂರ್ತಿ ಹೌದೌದು ಅಂದಿತು. ಇನ್ನು ಬಾಯಿ ತೆರೆದರೆ ಹಡಗಲಿ ಕೈಬಿಟ್ಟಂತೆಯೇ. ಕೂತೆ. ಕೊಟ್ಟೂರಿನಲ್ಲಿ ಬರೆದದ್ದಕ್ಕೆ ಉಲ್ಟಾ ಸಾಲು ಬರೆದೆ: 'ಈ ಎರಡು ಜಿಬಿ ಮುಟ್ಟಬೇಡ'. ನನ್ನ ಜನ್ಮದಲ್ಲೇ ಮೊದಲ ಸಲ ಗಿರಾಕಿಯ ಮೆಮೊರಿ ಕಿತ್ತುಕೊಂಡೆ, ಅದೂ ಎಂಟು ಮಂದಿ ಸಾಕ್ಷಿಗಳ ಎದುರಿಗೆ. ಮಿಷನ್ ಆಫ್ ಮಾಡಿ ಆನ್ ಮಾಡಿದೆ. ಆರು ತೋರಿಸಿತು.

ಅಕ್ಕ ಒಂದು ಅರ್ಜಿ ತೆಗೆದಳು, ಟಕ್ಕನೆ ತೆರೆಯಿತು. ಇನ್ನೊಂದು ತೆಗೆದಳು, ಅದೂ ಟಕ್ಕನೆ. ಆ ಮಿಷನ್ನು ಒಂದು ತಿಂಗಳಿಂದ ಆಫ್ ಆಗಿರಲಿಲ್ಲ. ಒಮ್ಮೆ ಮಲಗಿ ಎದ್ದದ್ದಕ್ಕೆ ಹಗುರಾಗಿತ್ತು, ಅಷ್ಟೇ. ಆದರೆ ಅದನ್ನು ಕೇಳುವವರು ಯಾರು?

"ಏನು ಓಡ್ತೈತ್ರಿ ಈಗ!" ಅಂತ ಅಕ್ಕ ಸಾಲಿನ ಕಡೆ ತಿರುಗಿದಳು.

ಯಜಮಾನರು ಕಂಬಳಿ ಹೆಗಲಿಗೆ ಸರಿಯಾಗಿ ಏರಿಸಿಕೊಂಡು, ನನ್ನ ಬೆನ್ನು ತಟ್ಟಿ ಅಂದರು: "ಕೈ ಬಿಗಿ ಹಿಡಿಬ್ಯಾಡಪ, ಉಳಿದ ಆರೂ ದೇವ್ರಿಗೆ ಬಿಟ್ಟುಬಿಡು, ಮಿಷನ್ನು ಗಾಳಿಯಾಗಿ ಹಾರ್ಲಿ!"