ಮೊಣಕಾಲಿನ ಸೂತಕ

ಸತ್ತವರಿಗೆ ಸೂತಕ ಹಿಡಿಯುವವರನ್ನು ನೀವು ನೋಡಿರುತ್ತೀರಿ. ತಮ್ಮದೇ ಮೊಣಕಾಲಿಗೆ ಸೂತಕ ಹಿಡಿದವರನ್ನು ನೋಡಿದ್ದೀರಾ? ಬಳ್ಳಾರಿಯ ಕಂಟೋನ್ಮೆಂಟಿನ ನಮ್ಮ ಮನೆಗೆ ಬನ್ನಿ, ನನ್ನ ಸೋದರತ್ತೆಯನ್ನು ತೋರಿಸುತ್ತೇನೆ!

ಸಂಧಿವಾತದ ಅತ್ತೆ ನಡೆದರೆ ಮೊಣಕಾಲಿನ ಕಟಕಟ ಅಡುಗೆಮನೆಗೂ ಕೇಳುತ್ತಿತ್ತು. ಕೊನೆಗೆ ಆಪರೇಷನ್ ಆಗಿ ಹೊಸ ಮೊಣಕಾಲಿನೊಂದಿಗೆ ಬಂದವರು ಹೊಸ್ತಿಲಲ್ಲೇ ವಾಕರ್ ಊರಿ ನಿಂತು ಘೋಷಿಸಿದರು: “ಇಷ್ಟು ವರ್ಷ ನನ್ನ ಹೊತ್ತ ಎಲುಬು ಹೋಗೈತಿ. ಹತ್ತು ದಿನ ಸೂತಕ. ಯಾರೂ ನನ್ನ ಮುಟ್ಟಬ್ಯಾಡ್ರಿ!”

“ಅತ್ತಿ, ಮೊಣಕಾಲಿಗೆ ಯಾರಾದ್ರೂ ಸೂತಕ ಹಿಡಿತಾರೇನು?”

“ಯಾಕಲೇ, ನಿಮ್ಮ ಮಾವ ಹೋದಾಗ ಹಿಡಿದಿದ್ದಿಲ್ಲೇನು? ಅವರಿಗಿಂತ ಇದು ಜಾಸ್ತಿ ವರ್ಷ ನನ್ನ ಜೋಡಿ ಇತ್ತು!”

ವ್ಯಾಯಾಮ ಮಾಡಿಸಲು ಬಂದವರನ್ನೂ ಬಾಗಿಲಲ್ಲೇ ನಿಲ್ಲಿಸಿ, ತಾವೇ ಕಾಲು ಮಡಚಿ ತೋರಿಸಿ ಕಳಿಸಿದರು. ಹೊಲಿಗೆ ಬಿಚ್ಚುವವರೆಗೆ ಪಟ್ಟಿ ತೆಗೆಯಬೇಡಿ ಎಂದು ಡಾಕ್ಟರೂ ಹೇಳಿದ್ದರು. ಸೂತಕಕ್ಕೆ ವೈದ್ಯಶಾಸ್ತ್ರದ ಬೆಂಬಲ ಬೇರೆ!

ಎಂಟನೇ ದಿನ ಮಧ್ಯಾಹ್ನ ಅತ್ತೆಯ ಕೋಣೆಯಿಂದ ಅದೇ ಹಳೆಯ ಕಟಕಟ ಕೇಳಿಸಿತು. ಓಡಿಹೋಗಿ ನೋಡಿದರೆ, ಬಳ್ಳಾರಿಯ ಬಿಸಿಲಲ್ಲೂ ಕಂಬಳಿ ಹೊದ್ದು, ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಕಾಲು ಅಲ್ಲಾಡುತ್ತಿಲ್ಲ. ಫ್ಯಾನಿನ ಸದ್ದಿರಬೇಕು ಎಂದುಕೊಂಡೆ, ಕರೆಂಟೇ ಇರಲಿಲ್ಲ.

“ಕೇಳಿಸ್ತೇನು?” ಎಂದರು ಅತ್ತೆ, ತಿರುಗದೆ. “ಹಳೇದು ಮನಿ ಹುಡುಕ್ಕೊಂತ ಬಂದೈತಿ. ನನ್ನ ಕಾಲಾಗ ಕುಂತು ಒಲಿ ಹಚ್ಚೈತಿ.”

ನಾನು ನಕ್ಕೆ. ನಗುತ್ತಲೇ ಹೊರಗೆ ಬಂದೆ, ಸ್ವಲ್ಪ ಬೇಗನೇ ಬಂದೆ!

ಹತ್ತನೇ ದಿನ ಮಾಳಿಗೆಯ ಮೇಲೆ ಕಾಗೆಗೆ ಎಡೆ ಇಡಬೇಕು. ಹೋದವರಿಗೆ ಇಷ್ಟವಾದದ್ದನ್ನೇ ಇಡುವುದು ಪದ್ಧತಿ. ಮೊಣಕಾಲಿಗೆ ಏನಿಷ್ಟ? “ನೋವಿನೆಣ್ಣಿ!” ಅತ್ತೆಗೆ ಅನುಮಾನವೇ ಇಲ್ಲ. ಅನ್ನದುಂಡೆಯ ಪಕ್ಕ ಎಣ್ಣೆಯ ಬಾಟಲಿಯನ್ನೂ ಇಟ್ಟೆ. ಕಾಗೆಗಳು ಬಂದು ಗೋಡೆಯ ಮೇಲೆ ಸಾಲಾಗಿ ಕುಳಿತವು. ಒಂದೂ ಇಳಿಯಲಿಲ್ಲ, ಒಂದೂ ಕೂಗಲಿಲ್ಲ. ಎಲ್ಲವೂ ಕೆಳಗೆ ಅತ್ತೆಯ ಕಿಟಕಿಯ ಕಡೆಗೇ ನೋಡುತ್ತಿದ್ದವು.

ಇಳಿದು ಬಂದು ಹೇಳಿದೆ. ಅತ್ತೆ ಮೆತ್ತಗೆ, “ಅವು ಮುಟ್ಟಂಗಿಲ್ಲ ಬಿಡು. ಅದಕ್ಕ ಅನ್ನ ಬ್ಯಾಡ, ನಾನು ಬೇಕು,” ಎಂದರು. ಮಾತಿನ ನಡುವೆ ಕಟಕಟ ಸದ್ದು. ಹಲ್ಲುಗಳು! ಚಳಿಗೆ ನಡುಗುತ್ತಿದ್ದರು.

ಸೂತಕ ಹಾಳಾಗಲಿ ಎಂದು ಮೊಣಕಾಲಿನ ಮೇಲೆ ಕೈಯಿಟ್ಟೆ. ಕಾದ ಹಂಚಿನಂತೆ ಸುಡುತ್ತಿತ್ತು. ಒಳಗೆ ಸೋಂಕು ಹತ್ತಿತ್ತು. ಹತ್ತು ದಿನದಲ್ಲಿ ನಮ್ಮಲ್ಲಿ ಒಬ್ಬರು ಒಮ್ಮೆ ಮುಟ್ಟಿದ್ದರೂ ತಿಳಿಯುತ್ತಿತ್ತು.

ಮತ್ತೆ ಆಸ್ಪತ್ರೆಗೆ ಓಡಿದೆವು. ಮತ್ತೆ ಕೊಯ್ದು ತೊಳೆದರು. ಕಾಲು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ, “ಉಳೀತು” ಎಂದರು.

“ಮೈ ಸುಡಾಕತ್ತಿದ್ರೂ ನೆಟ್ಟಗ ಯಾಕ ಹೇಳ್ಲಿಲ್ಲ ಅತ್ತಿ?” ಸಿಟ್ಟಿನಿಂದಲೇ ಕೇಳಿದೆ.

ಅತ್ತೆ ಪಟ್ಟಿ ಕಟ್ಟಿದ ಕಾಲನ್ನೇ ನೋಡಿಕೊಂಡರು. “ಹುಟ್ಟಿದಾಗಿಂದ ಎಲ್ಲಾರ್ನೂ ನಗಿಸ್ಕೊಂತ ಬಂದೀನಿ. ಅಂಜಿಕಿ ಆಗೈತಿ ಅಂತ ಹೆಂಗ ಹೇಳಬೇಕೋ, ನನಗ ಗೊತ್ತಾಗ್ಲಿಲ್ಲಲೇ.”

ಅವರ ಅಂಗಾಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೆ. ಅತ್ತೆ ಬಿಡು ಅನ್ನಲಿಲ್ಲ.